ನಾಗಪುರದ ಅಜಬ್ ಬಂಗ್ಲಾ

ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋದ ದಂಪತಿಗಳು, ಹಿಂದಿರುಗುವ ದಿನ ಎಷ್ಟೇ ಅವಸರವಿದ್ದರೂ, 1769ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ಉಫಿಝಿ ಚಿತ್ರಶಾಲೆಯನ್ನು ಕಣ್ತುಂಬ ನೋಡದೆ ಆ ಊರನ್ನು ಬಿಡಲೊಪ್ಪುವುದಿಲ್ಲ. ನಮ್ಮ ನಾಡಿನಿಂದ ಕಾಶಿಗೋ ದೆಹಲಿಗೋ ಹೊರಟವರು ಮಾತ್ರ ನಾಗಪುರದ ನಿಲ್ದಾಣದಲ್ಲಿ ಒಂದಿಷ್ಟು ಕಿತ್ತಳೆಹಣ್ಣು ಕೊಂಡು ಮುಂದೆ ಸಾಗುವರು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಸಿವಿಲ್ ಲೈನ್ಸಿನ ಮರಗಳ ನಡುವೆ, ಊರಿನವರು ವಾತ್ಸಲ್ಯದಿಂದ ‘ಅಜಬ್ ಬಂಗ್ಲಾ’ ಎಂದು ಕರೆಯುವ ಕೇಂದ್ರ ವಸ್ತುಸಂಗ್ರಹಾಲಯವಿರುವುದನ್ನು ಅವರಲ್ಲಿ ಬಲ್ಲವರು ವಿರಳ. ಕನ್ನಡಿಗರ ಮಟ್ಟಿಗೆ ಇದು ನಿಜಕ್ಕೂ ವಿಷಾದದ ಸಂಗತಿ. ಏಕೆಂಬುದನ್ನು ಮುಂದೆ ನಿವೇದಿಸುತ್ತೇನೆ.

ಪ್ರತಾಪ ನಗರದಲ್ಲಿ ನೆಲೆಸಿರುವ ನನ್ನ ಷಡ್ಡಕರ ಮನೆಯಲ್ಲಿ ಕೆಲಕಾಲ ಇಳಿದುಕೊಂಡಿದ್ದ ನಾವು ದಂಪತಿಗಳು, ರಾಮಟೇಕದ ಬೆಟ್ಟವನ್ನೂ ಸೀತಾಬರ್ಡಿಯ ಕೋಟೆಯ ಗುಡ್ಡವನ್ನೂ ದೀಕ್ಷಾಭೂಮಿಯ ಸ್ತೂಪವನ್ನೂ ಅದಾಗಲೇ ಕಂಡಿದ್ದು, ರಾತ್ರಿಯ ರೈಲಿಗೆ ಮುನ್ನ ಉಳಿದ ಹಗಲನ್ನು ಹೇಗೆ ಕಳೆಯುವುದೆಂಬ ಚರ್ಚೆ ಬೆಳಗಿನ ಉಪ್ಪಿಟ್ಟಿನೊಡನೆ ನಡೆದಾಗ, ಅತ್ತಿಗೆಯವರು ಸೀರೆಯ ಅಂಗಡಿಗಳತ್ತ ಒಲವು ತೋರಿದರೂ, ನನ್ನ ಪತ್ನಿ “ಅಕ್ಕಾ, ಸೀರೆ ನಮ್ಮೂರಲ್ಲೂ ಸಿಗುತ್ತದೆ” ಎಂದು ವಿನಯದಿಂದಲೇ ಆ ಮಾತನ್ನು ಮುಗಿಸಿಬಿಟ್ಟಳು. ಬಜಾಜ್ ನಗರ, ಶಂಕರ ನಗರಗಳನ್ನು ದಾಟಿ ಆಟೋ ನಮ್ಮನ್ನು ಸಂಗ್ರಹಾಲಯದ ಬಾಗಿಲಿಗೆ ತಂದಿಳಿಸಿತು.

ಈ ಸಂಸ್ಥೆ ಹುಟ್ಟಿದ್ದು 1863ರಲ್ಲಿ. ಮೂರನೆಯ ರಘೋಜಿ ಭೋಂಸಲೆಯು 1853ರಲ್ಲಿ ಪುತ್ರಸಂತಾನವಿಲ್ಲದೆ ತೀರಿಕೊಂಡುದನ್ನೇ ನೆವವಾಗಿಸಿಕೊಂಡು ಗವರ್ನರ್ ಜನರಲ್ ಡಾಲ್‌ಹೌಸಿಯು ನಾಗಪುರ ರಾಜ್ಯವನ್ನು ಕಂಪನಿಯ ಆಳ್ವಿಕೆಗೆ ಸೇರಿಸಿದ ಮೇಲೆ, 1861ರಲ್ಲಿ ರಚಿತವಾದ ಮಧ್ಯಪ್ರಾಂತಕ್ಕೆ ಮುಖ್ಯ ಕಮಿಷನರನಾಗಿ ಬಂದ ರಿಚರ್ಡ್ ಟೆಂಪಲನ ಕಾಲದಲ್ಲಿ ಇದರ ಸ್ಥಾಪನೆಯಾಯಿತು. ಆದರೆ ಈ ನೆಲದ ಗರ್ಭದಲ್ಲಿ ಏನೇನಿದೆಯೆಂಬ ಕುತೂಹಲವನ್ನು ಅದಕ್ಕೂ ಮೊದಲೇ ತಾಳಿದವನು ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. 1845ರಲ್ಲಿ ನಾಗಪುರಕ್ಕೆ ಬಂದು, ಶಾಲೆಯನ್ನು ತೆರೆದು, ಬಿಡುವಿನ ವೇಳೆಯಲ್ಲಿ ಸುತ್ತಲಿನ ಹಳ್ಳಿಗಳ ಕಲ್ಲುಗಳನ್ನು ಪರೀಕ್ಷಿಸುತ್ತ, ಲಾವಾರಸ ಹರಿದು ಗಟ್ಟಿಯಾದ ಪದರಗಳ ನಡುವೆ ಸಿಹಿನೀರಿನ ಚಿಪ್ಪುಗಳೂ ಸಸ್ಯಗಳ ಅವಶೇಷಗಳೂ ಶಿಲೀಭೂತವಾಗಿ ಉಳಿದಿರುವುದನ್ನು ಅವನು ಲೋಕಕ್ಕೆ ತಿಳಿಸಿದನು. ಸಂಗ್ರಹಾಲಯ ಸ್ಥಾಪನೆಯಾದ ವರ್ಷವೇ, ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ಟಾಕಳಘಾಟದ ಪ್ರಾಚೀನ ಶಿಲಾವೃತ್ತಗಳನ್ನು ನೋಡಿ ಕುದುರೆಯ ಮೇಲೆ ಹಿಂದಿರುಗುತ್ತಿರುವಾಗ, ಮಳೆಯಿಂದುಬ್ಬಿದ ಹಳ್ಳವೊಂದು ಅವನನ್ನು ಸೆಳೆದೊಯ್ದಿತು. ಗೊಂಡರೇ ಮೊದಲಾದ ಮೂಲನಿವಾಸಿಗಳನ್ನು ಕುರಿತು ಅವನು ಬರೆದಿಟ್ಟಿದ್ದ ಕಾಗದಪತ್ರಗಳನ್ನು ಟೆಂಪಲನು ತಾನೇ ಸಂಪಾದಿಸಿ 1866ರಲ್ಲಿ ಪ್ರಕಟಿಸಿದನು. ಪರಾಡಳಿತವು ಮಾಡಿದ ಅನ್ಯಾಯವನ್ನು ನಾನು ಮರೆತವನಲ್ಲ. ಆದರೂ ಪರದೇಶದಿಂದ ಬಂದು, ಈ ಮಣ್ಣನ್ನು ಅರಿಯುವ ಹಂಬಲದಲ್ಲಿಯೇ ಪ್ರಾಣವನ್ನು ತೆತ್ತವನನ್ನು ಗೌರವದಿಂದ ಸ್ಮರಿಸದಿರುವುದು ನನಗೆ ಸಾಧ್ಯವಾಗುವುದಿಲ್ಲ.

ಒಳಗೆ ಪ್ರಾಣಿಪಕ್ಷಿಗಳ ಶಾಲೆ, ಆಯುಧಗಳ ಶಾಲೆ, ಚಿತ್ರಶಾಲೆ ಎಲ್ಲವೂ ಇವೆ. ಮಕ್ಕಳ ಕಲರವವೆಲ್ಲ ಮೊದಲನೆಯದರಲ್ಲಿ. ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದುದು ಗುಂಗೇರಿಯಾದ ತಾಮ್ರ. 1870ರಲ್ಲಿ, ಬಾಲಾಘಾಟ ಜಿಲ್ಲೆಯ ಆ ಕುಗ್ರಾಮದಲ್ಲಿ ದನ ಕಾಯುತ್ತಿದ್ದ ಹುಡುಗರ ಕಣ್ಣಿಗೆ ನೆಲದಿಂದ ಇಣುಕಿದ ಲೋಹದ ತುಂಡೊಂದು ಬೀಳಲಾಗಿ, ಅಗೆದು ನೋಡಿದಾಗ 424 ತಾಮ್ರದ ಉಪಕರಣಗಳೂ 102 ತೆಳು ಬೆಳ್ಳಿಯ ತಗಡುಗಳೂ ಒಂದೇ ಗುಂಡಿಯಲ್ಲಿ ದೊರೆತವು. ತಾಮ್ರದ ತೂಕವೇ 829 ಪೌಂಡು, ಎಂದರೆ ಸುಮಾರು 376 ಕಿಲೋಗ್ರಾಂ. ಆ ನಿಧಿಯ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದರೆ ಇನ್ನೊಂದು ಭಾಗ ಇಲ್ಲಿ ಉಳಿದಿದೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದವೆಂದು ವಿದ್ವಾಂಸರು ಎಣಿಸುವ ಈ ಚಪ್ಪಟೆ ಕೊಡಲಿಗಳನ್ನೂ ನೀಳವಾದ ಬಾಚಿಗಳನ್ನೂ ಎರಕ ಹೊಯ್ದವರು ಯಾರು, ಗೂಳಿಯ ತಲೆಯನ್ನು ಹೋಲುವ ಬೆಳ್ಳಿಯ ತಗಡುಗಳನ್ನು ಯಾವ ದೇವತೆಗೆ ಅರ್ಪಿಸಲೆಂದು ಕತ್ತರಿಸಿದರು, ಅಷ್ಟೊಂದು ಸಂಪತ್ತನ್ನು ಒಂದೆಡೆ ಹೂಳಿ ಮರಳಿ ತೆಗೆಯದೆ ಏಕೆ ಹೋದರು ಎಂಬ ಪ್ರಶ್ನೆಗಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತವರನ್ನು ಬಿಡದೆ ಕಾಡುತ್ತವೆ.

ಇನ್ನು, ಈ ನೆಲಕ್ಕೂ ಕನ್ನಡಿಗರಿಗೂ ಇರುವ ನಂಟಿನ ಮಾತು. ‘ನಾಗಪುರ’ವೆಂಬ ಹೆಸರು ಚರಿತ್ರೆಯಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವುದು ನಮ್ಮ ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ತಾಮ್ರಶಾಸನದಲ್ಲಿ ಎಂದರೆ ಓದುಗರು ಆಶ್ಚರ್ಯಪಡಬಹುದು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ಶಕವರ್ಷ 862, ಎಂದರೆ ಕ್ರಿ.ಶ. 940ರ, ಆ ಸಂಸ್ಕೃತ ಶಾಸನದಲ್ಲಿ ‘ನಾಗಪುರ-ನಂದಿವರ್ಧನ’ವೆಂಬ ವಿಷಯದ, ಎಂದರೆ ಆಡಳಿತ ವಿಭಾಗದ, ಒಂದು ಗ್ರಾಮವನ್ನು ಅರಸನು ತನ್ನ ಸೋದರ ಜಗತ್ತುಂಗನ ಪುಣ್ಯಾರ್ಥವಾಗಿ ಬ್ರಾಹ್ಮಣನೊಬ್ಬನಿಗೆ ದತ್ತಿಯಾಗಿ ಕೊಟ್ಟನು. ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ಯೆಂಬ ಬಿರುದನ್ನಿತ್ತ ಅರಸನೂ ಇವನೇ, ಇನ್ನೂ ಉತ್ತರಕ್ಕೆ, ಮೈಹರದ ಸಮೀಪದ ಜೂರಾ ಎಂಬಲ್ಲಿ, ಕನ್ನಡ ಅಕ್ಷರಗಳಲ್ಲಿ ಕನ್ನಡ ಭಾಷೆಯಲ್ಲಿಯೇ ಯಾರ ಪ್ರಶಸ್ತಿಯನ್ನು ಕಲ್ಲಿನ ಮೇಲೆ ಕೆತ್ತಿದರೋ ಅವನೂ ಇವನೇ. ಇವನಿಗಿಂತ ಬಹುಮುಂಚೆ, ಎಲ್ಲೋರದ ಕೈಲಾಸವನ್ನು ಕಡೆಯಿಸಿದ ಒಂದನೆಯ ಕೃಷ್ಣನ ಕ್ರಿ.ಶ. 772ರ ತಾಮ್ರಪಟಗಳು ಚಂದ್ರಪುರ ಜಿಲ್ಲೆಯ ಭಾಂದಕದಲ್ಲಿ ದೊರೆತಿವೆ. ನಂದಿವರ್ಧನವೆಂಬುದು ನಾವು ಕಂಡು ಬಂದಿದ್ದ ರಾಮಟೇಕದ ಬಳಿಯ ನಗರಧನ. ವಾಕಾಟಕರ ರಾಜಧಾನಿಯಾಗಿದ್ದ ಅದನ್ನು ನಾವು ಬರಿಯ ಒಂದು ಹಳ್ಳಿಯೆಂದು ಭಾವಿಸಿ ದಾಟಿದ್ದೆವು. ನಾಗಪುರದಲ್ಲಿ ನೆಲೆಸಿ ಬಹುಕಾಲ ಶಾಸನಗಳನ್ನು ಓದಿದ ಮಹಾಮಹೋಪಾಧ್ಯಾಯ ವಾಸುದೇವ ವಿಷ್ಣು ಮಿರಾಶಿಯವರು ವಾಕಾಟಕರ ಶಾಸನಗಳನ್ನೆಲ್ಲ ಒಂದು ಸಂಪುಟದಲ್ಲಿ ಸಂಪಾದಿಸಿಕೊಟ್ಟರು. ಆ ಸಂಪುಟವು 1963ರಲ್ಲಿ, ಎಂದರೆ ಸಂಗ್ರಹಾಲಯಕ್ಕೆ ನೂರು ತುಂಬಿದ ವರ್ಷದಲ್ಲಿ, ಪ್ರಕಟವಾಯಿತು.

ಸಂಗ್ರಹಾಲಯದ ಆದಿವಾಸಿ ವಿಭಾಗದಲ್ಲಿ ಪತ್ನಿ ನನಗಿಂತ ಹೆಚ್ಚು ಹೊತ್ತು ನಿಂತಳು. ಇಂದಿನ ನಾಗಪುರವನ್ನು ಹದಿನೆಂಟನೆಯ ಶತಮಾನದ ಆದಿಯಲ್ಲಿ, ಹನ್ನೆರಡು ಹಳ್ಳಿಗಳನ್ನು ಕೂಡಿಸಿ, ಊರಾಗಿ ನಿಲ್ಲಿಸಿದವನು ದೇವಗಡದ ಗೊಂಡ ಅರಸ ಬಖ್ತ್ ಬುಲಂದ್ ಶಾಹನಲ್ಲವೆ? ಭೂಗರ್ಭಶಾಸ್ತ್ರಜ್ಞರು ಅತಿಪುರಾತನ ಭೂಖಂಡಕ್ಕೆ ಗೊಂಡ್ವಾನವೆಂದು ಹೆಸರಿಟ್ಟುದೂ ಗೊಂಡರ ನಾಡಿನಿಂದಲೇ. ಅವರ ಗೊಂಡಿ ಭಾಷೆಯು ನಮ್ಮ ಕನ್ನಡದಂತೆ ದ್ರಾವಿಡ ಕುಲಕ್ಕೆ ಸೇರಿದ್ದೆಂದು ನಾನು ಹೇಳಿದಾಗ, “ಹಾಗಾದರೆ ನಾವು ನೆಂಟರ ಮನೆಗೆ ಬಂದು ಅವರನ್ನೇ ಮಾತನಾಡಿಸದೆ ಹೊರಟಂತಾಯಿತಲ್ಲ” ಎಂದು ಅವಳು ಮರುಗಿದಳು.

ಸಂಗ್ರಹಾಲಯವನ್ನು ಯಾತ್ರೆಯ ಕೊನೆಯ ದಿನಕ್ಕೆ ಇರಿಸಿಕೊಳ್ಳುವುದು ಉಚಿತವೆಂದು ನನ್ನ ಅಭಿಪ್ರಾಯ. ಬೆಟ್ಟವನ್ನೂ ಕೋಟೆಯನ್ನೂ ಕಣ್ಣಾರೆ ಕಂಡವನಿಗೆ ಮಾತ್ರ ಶಿಲೆಗಳು ಮಾತನಾಡುತ್ತವೆ. ಮೊದಲನೆಯ ದಿನವೇ ಬರಬೇಕಿತ್ತು, ಬಂದಿದ್ದರೆ ನಗರಧನವನ್ನು ಹಾಗೆ ದಾಟಿಬಿಡುತ್ತಿರಲಿಲ್ಲವೆಂಬುದು ಅವಳ ವಾದ. ಪ್ರತಾಪ ನಗರಕ್ಕೆ ಹಿಂದಿರುಗುವ ದಾರಿಯುದ್ದಕ್ಕೂ ಈ ಚರ್ಚೆ ನಡೆಯಿತು, ತೀರ್ಮಾನಕ್ಕೆ ಬರಲಿಲ್ಲ.

ಸೋಮವಾರ ಬಾಗಿಲು ಮುಚ್ಚಿರುವುದರಿಂದ ಹೋಗುವವರು ಅದನ್ನು ನೆನಪಿಟ್ಟುಕೊಳ್ಳಬೇಕು. ಕಾಜೀಪೇಟೆಯ ಮಾರ್ಗವಾಗಿ ದಕ್ಷಿಣಕ್ಕೆ ಮರಳುವ ರೈಲು ಮೊದಲು ಸೇವಾಗ್ರಾಮವನ್ನೂ ಆಮೇಲೆ ಭಾಂದಕವನ್ನೂ ಹಾಯ್ದೇ ಬಲ್ಲಾರಷಾ ಸೇರುವುದು. ಸೇವಾಗ್ರಾಮದಲ್ಲಿ ಇಳಿದವರು ವರ್ಧಾದ ಮೇಲೆ ಹಾಯ್ದು ದೇವಳಿಗೆ ಹೋಗಿ ಬರಬಹುದು. ಭಾಂದಕದಲ್ಲಿ ಇಳಿದವರಿಗೆ ವಿಜಾಸನದ ಬೌದ್ಧ ಗುಹೆಗಳೂ ಜೈನ ದೇವಾಲಯವೂ ಇವೆ. ಮುಂದಿನ ಸಲ ಎರಡು ಕಡೆಯೂ ಇಳಿಯುವುದೆಂದು ನಾವಿಬ್ಬರೂ ಒಮ್ಮತದಿಂದ ನಿಶ್ಚಯಿಸಿದ್ದೇವೆ.