ಬಾಣಂತಿಯ ಕೋಣೆಯಲ್ಲಿ ಕೆಂಡ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯು ತೆಂಗಿನ ಸೀಮೆ. ಇಲ್ಲಿ ಉರುವಲಿಗೆ ಕೊರತೆಯಿಲ್ಲ. ತೋಟದ ಗರಿ, ಮಟ್ಟೆ, ಚಿಪ್ಪುಗಳೇ ಅಡುಗೆಯ ಒಲೆಗೂ ಬಚ್ಚಲಿನ ಹಂಡೆಗೂ ಒದಗುತ್ತವೆ. ಹಣ ಕೊಡದೆ ದೊರೆಯುವ ಈ ಉರುವಲಿಗೆ ಬೇರೊಂದು ಬೆಲೆಯಿದೆ. ಮನೆಯಲ್ಲಿ ಅದನ್ನು ಮೊದಲು ತೆರುವವರು ಗರ್ಭಿಣಿ, ಬಾಣಂತಿ ಮತ್ತು ಹಸುಗೂಸು.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದಿರುವುದೇ ಹೆಚ್ಚು ಅಪಾಯಕರ. ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಹೊಗೆ ತುಂಬಿದ ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ತಗಲುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಗ ಗರ್ಭದಲ್ಲಿರುವ ಶಿಶುವಿಗೆ ತಲುಪುವ ಆಮ್ಲಜನಕ ಕಡಿಮೆಯಾಗುತ್ತದೆ. ತಾಯಿಗೆ ರಕ್ತಹೀನತೆಯಿದ್ದರಂತೂ ತೊಂದರೆ ಇನ್ನೂ ಹೆಚ್ಚು. ದಿನವೂ ಹೊಗೆಯಲ್ಲಿ ದುಡಿಯುವ ಗರ್ಭಿಣಿಗೆ 2.5 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಅಧಿಕ.

ಹೆರಿಗೆಯಾದ ಮೇಲೆ ನಡೆಯುವುದನ್ನು ನೋಡಿ. ಶೀತವಾದೀತೆಂದು ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುತ್ತಾರೆ. ಹೊಗೆ ಹೋಗಿ ನಿಗಿನಿಗಿ ಕೆಂಡವಾದ ಮೇಲೆ ಒಳಗೆ ತಂದರೆ ಭಯವಿಲ್ಲವೆಂದು ಅನೇಕ ಹಿರಿಯರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಹೊಗೆಯಾಡದ ಕೆಂಡವೂ ಈ ವಿಷಾನಿಲವನ್ನು ಧಾರಾಳವಾಗಿ ಹೊರಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ತೂಕಡಿಕೆ ಇದರ ಚಿಹ್ನೆಗಳು. ಬಾಣಂತಿಗೆ ಆಯಾಸ ಸಹಜವೆಂದು ಯಾರೂ ಇವನ್ನು ಗಮನಿಸುವುದಿಲ್ಲ, ಕೂಸಂತೂ ಹೇಳಲಾರದು. ಇಂತಹ ಚಿಹ್ನೆ ಕಂಡೊಡನೆ ಇಬ್ಬರನ್ನೂ ಬಯಲಿನ ಗಾಳಿಗೆ ತಂದು 108ಕ್ಕೆ ಕರೆ ಮಾಡಿರಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ತಾಯಿಯೂ ಮಗುವೂ ಬೆಚ್ಚಗಿರಬೇಕೆಂಬ ಹಿರಿಯರ ಮಾತು ಸರಿಯೇ. ಅದಕ್ಕೆ ಬೆಂಕಿ ಬೇಕಿಲ್ಲ. ಮಗುವಿಗೆ ಟೋಪಿ, ಕಾಲುಚೀಲ ತೊಡಿಸಿರಿ; ತಾಯಿಯ ಎದೆಗೆ ಮೈ ತಾಗುವಂತೆ ಮಲಗಿಸಿ ಮೇಲೆ ಹೊದಿಸಿರಿ. ಸ್ನಾನವಾದ ಮೇಲೆ ತಲೆಯನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು, ಸಾಂಬ್ರಾಣಿ ಹೊಗೆ ಹಿಡಿಯಬೇಡಿರಿ. ಅಟ್ಟದ ಕೊಬ್ಬರಿಗೆ ಹೊಗೆ ಹಾಕುವ ಮನೆಯಾದರೆ ಬಾಣಂತಿಯ ಹಾಸಿಗೆ ಆ ಅಟ್ಟದ ಕೆಳಗೆ ಬೇಡ.

ಇನ್ನು ಗಂಡಂದಿರಿಗೆ ಒಂದು ಮಾತು. ಒಲೆಯ ಮುಂದೆ ಕೂರುವವರು ನಿಮ್ಮ ಪತ್ನಿ. ಸಿಲಿಂಡರಿಗೆ ಹಣ ತೆಗೆದಿಡುವುದು, ಹೆಂಚು ಬಿಚ್ಚಿ ಗವಾಕ್ಷಿ ಇಡಿಸುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಎಷ್ಟೋ ಮನೆಗಳಿಗೆ ಅನಿಲ ಸಂಪರ್ಕ ಬಂದಿದೆ. ಆದರೂ ನೆಂಟರು ಬಂದಾಗ ಕಾಫಿ ಕಾಯಿಸಲೆಂದು ಸಿಲಿಂಡರನ್ನು ಮೂಲೆಯಲ್ಲಿ ಇರಿಸುವವರುಂಟು. ಗರ್ಭ ನಿಂತಂದಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗಾದರೂ ದಿನದ ಅಡುಗೆ ಅದರಲ್ಲಿಯೇ ಆಗಲಿ. ಹಂಡೆಯ ಒಲೆಯನ್ನು ಮನೆಯ ಹೊರಗೋಡೆಯ ಆಚೆಗೆ ಸಾಗಿಸಿರಿ.

ಸೌದೆ ಒಲೆ ಅನಿವಾರ್ಯವಾದವರು ಹೊಗೆಕೊಳವೆ ಇರುವ ಒಲೆ ಹಾಕಿಸಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮ ತಾಯಂದಿರು ಕಂಡಿರಬಹುದು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಒಳಗೇ ತಿರುಗುವುದರಿಂದ ಅದನ್ನು ಆಗಾಗ್ಗೆ ತೆಗೆಯುತ್ತಿರಬೇಕು. ಹಸಿ ಮಟ್ಟೆ ಹೆಚ್ಚು ಹೊಗೆಯಾಡುತ್ತದೆ. ಮಳೆಗಾಲಕ್ಕೆ ಮುಂಚೆಯೇ ಒಣಗಿದ್ದನ್ನು ಸೂರಿನಡಿ ಕೂಡಿಡಿರಿ.