ನಿರ್ಣಯದ ಗುಣದೋಷ ಪರೀಕ್ಷೆ

ನಮ್ಮ ಕಾರ್ಯಾಲಯಗಳಲ್ಲಿ ನಿರ್ಣಯವೊಂದರ ಯೋಗ್ಯತೆಯನ್ನು ಅದರ ಫಲದಿಂದಲೇ ಅಳೆಯುವ ರೂಢಿ ಬಲವಾಗಿ ಬೇರೂರಿದೆ: ಕಾರ್ಯ ಕೈಗೂಡಿದರೆ ಅಧಿಕಾರಿ ದೂರದರ್ಶಿ, ಕೆಟ್ಟರೆ ಅವಿವೇಕಿ. ಆದರೆ ಫಲದಲ್ಲಿ ಮಳೆಬೆಳೆಯ ಪಾಲೂ ಪೇಟೆಯ ಏರಿಳಿತದ ಪಾಲೂ ಕೇವಲ ಅದೃಷ್ಟದ ಪಾಲೂ ಇರುವುವಾದಕಾರಣ, ನಿರ್ಣಯ ಕೈಗೊಂಡ ದಿನ ಏನೇನು ತಿಳಿದಿದ್ದಿತು, ಯಾರನ್ನು ಕೇಳಲಾಯಿತು, ಯಾವ ಆಕ್ಷೇಪಕ್ಕೆ ಯಾವ ಸಮಾಧಾನ ದೊರೆಯಿತು ಎಂಬುದನ್ನು ಪರಿಶೀಲಿಸದೆ ಅದರ ಗುಣದೋಷಗಳನ್ನು ಹೇಳಲಾಗದು.

ಮೈಸೂರಿಗರಿಗೆ ಇದರ ನಿದರ್ಶನ ಊರಿನ ಸಮೀಪದಲ್ಲಿಯೇ ಇದೆ. 1902ರಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಒದಗಿಸುತ್ತಿದ್ದಿತು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಆ ಪೂರೈಕೆಗೂ ತೊಡಕು. 1909ರಲ್ಲಿ ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಜಲಾಶಯವನ್ನು ಸೂಚಿಸಿದಾಗ, ವೆಚ್ಚದ ಭಾರವನ್ನು ಕುರಿತು ಸರ್ಕಾರದೊಳಗೇ ಶಂಕೆಗಳೆದ್ದವು. ವಿದ್ಯುತ್ತಿನ ಆದಾಯ, ನೀರಾವರಿಯ ಲಾಭ ಇವೆಲ್ಲ ಚರ್ಚೆಗೊಳಗಾದ ತರುವಾಯವೇ ನಾಲ್ವಡಿ ಕೃಷ್ಣರಾಜ ಒಡೆಯರ ಮಂಜೂರಾತಿ ದೊರೆತು, 1911ರಲ್ಲಿ ಕೆಲಸ ಮೊದಲಾಯಿತು.

ಆದರೆ ಕಾವೇರಿಯ ಕೆಳಹರಿವಿನಲ್ಲಿದ್ದ ಮದರಾಸು ಸರ್ಕಾರ ಸಮ್ಮತಿಸಿದ್ದು ಸಣ್ಣ ಜಲಾಶಯಕ್ಕೆ ಮಾತ್ರ. ಮೈಸೂರಾದರೋ, ಮುಂದೆ ಕಟ್ಟೆಯನ್ನು ಎತ್ತರಿಸಲು ಅನುವಾಗುವಂತೆ ತಳಹದಿಯನ್ನು ಅಗಲವಾಗಿಯೇ ಹಾಕಿತು. ನಾಳಿನ ಆಯ್ಕೆಯನ್ನು ಇಂದೇ ಮುಚ್ಚದ ಈ ಕ್ರಮ ಕಟ್ಟಡದ ದೃಷ್ಟಿಯಿಂದ ವಿವೇಕವೇ ಸರಿ; ಕೆಳಹರಿವಿನವರ ಒಪ್ಪಿಗೆ ಮಾತ್ರ ಆ ತಳಹದಿಯಷ್ಟು ಗಟ್ಟಿಯಾಗಿರಲಿಲ್ಲ. ವಿವಾದ ಮಧ್ಯಸ್ಥಿಕೆಗೆ ಹೋಯಿತು, 1924ರಲ್ಲಿ ಒಪ್ಪಂದವಾಯಿತು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ನೀರಿನ ಪಾಲನ್ನು ನಿಗದಿಪಡಿಸಬೇಕಾಯಿತು. ಆ ಜಲಾಶಯದ ನೀರುಂಡ ಮಂಡ್ಯದ ಗದ್ದೆಗಳನ್ನಷ್ಟೇ ಕಂಡವನು ಆ ನಿರ್ಣಯವನ್ನು ಕೊಂಡಾಡಿಯಾನು, ವ್ಯಾಜ್ಯವನ್ನಷ್ಟೇ ಕಂಡವನು ಜರೆದಾನು. ಪರೀಕ್ಷಕನಾದವನು ಹಣದ, ನಿರ್ಮಾಣದ, ನೆರೆಯವರ ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ತೂಗಬೇಕು.

ಇಂದಿನ ಕಡತವನ್ನು ನೋಡಿರಿ. ಗುಮಾಸ್ತರು ಟಿಪ್ಪಣಿ ಬರೆದು ‘ಅನುಮೋದಿಸಬಹುದು’ ಎನ್ನುತ್ತಾರೆ. ಕಡತ ಮೇಲೇರಿದಂತೆಲ್ಲ ‘ಮೇಲಿನಂತೆ’ ಎಂಬ ಶೆರಾದ ಕೆಳಗೆ ಸಹಿಗಳು ಕೂಡುತ್ತವೆಯೇ ಹೊರತು ವಿಚಾರ ಕೂಡುವುದಿಲ್ಲ. ಸಭೆಯಲ್ಲಿಯೂ ಸಾಹೇಬರು ಮೊದಲು ಮಾತನಾಡಿದರೆ ಉಳಿದವರದು ‘ಹೌದು ಸಾರ್’ ಅಷ್ಟೆ. ಆದ್ದರಿಂದ ಕಿರಿಯರ ಅಭಿಪ್ರಾಯವನ್ನು ಮೊದಲೇ, ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಲೇಸು. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಸೂಚಿಸಿದ ವಿಧಾನವೂ ಉಪಯುಕ್ತ: ಯೋಜನೆ ಈಗಾಗಲೇ ವಿಫಲವಾಯಿತೆಂದು ಭಾವಿಸಿ ಪ್ರತಿಯೊಬ್ಬರೂ ಕಾರಣಗಳನ್ನು ಬರೆಯಬೇಕು, ಆಗ ವಿರೋಧಿಯೆನಿಸಿಕೊಳ್ಳುವ ಭಯವಿಲ್ಲದೆ ಶಂಕೆಗಳು ಹೊರಬೀಳುತ್ತವೆ. ಆಶಿಸಿದ ಫಲವನ್ನೂ ಮರುಪರಿಶೀಲನೆಯ ದಿನಾಂಕವನ್ನೂ ಆದೇಶದಲ್ಲಿಯೇ ದಾಖಲಿಸಿದರೆ, ‘ನಾನು ಆಗಲೇ ಹೇಳಿದ್ದೆ’ ಎಂಬ ಅನಂತರದ ಜಾಣ್ಮೆಗೆ ಎಡೆಯಿರದು.

ವಿಚಾರಪೂರ್ವಕವಾಗಿ ನಡೆದೂ ವಿಫಲನಾದವನನ್ನು ದಂಡಿಸಿದರೆ ಮುಂದೆ ಯಾರೂ ನಿರ್ಣಯಕ್ಕೆ ಕೈಹಾಕರು, ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ವಿಚಾರವಿಲ್ಲದೆ ಗೆದ್ದವನನ್ನು ಪುರಸ್ಕರಿಸಿದರೋ, ಅವನ ಮುಂದಿನ ಸಾಹಸದ ವೆಚ್ಚವನ್ನು ಸಂಸ್ಥೆಯೇ ತೆರಬೇಕಾಗುತ್ತದೆ.