ನಿಮಗಿದು ಗೊತ್ತೆ? ಗೋಡೆ ಹಿಡಿದ ಬಳ್ಳಿಯ ಬಲ
ವರ್ಜೀನಿಯಾ ಕ್ರೀಪರ್ ಬಳ್ಳಿಯ ಒಂದೇ ಲತಾತಂತು, ಅಂದರೆ ಆಸರೆ ಹಿಡಿಯಲು ಕಾಂಡದಿಂದ ಹೊರಡುವ ದಾರದಂಥ ಕುಡಿ, 10 ವರ್ಷ ಬಿಸಿಲುಮಳೆಗೆ ಒಡ್ಡಿಕೊಂಡ ಮೇಲೂ ಸುಮಾರು 4.5 ಕಿಲೋ ಭಾರವನ್ನು ತಡೆಯಬಲ್ಲದೆಂದು ಚಾರ್ಲ್ಸ್ ಡಾರ್ವಿನ್ ಅಂದಾಜಿಸಿದ್ದರು. ಅದರ ಐದು ಕವಲುಗಳಲ್ಲಿ ಒಂದನ್ನು ಪರೀಕ್ಷಿಸಿದಾಗ ಅದೊಂದೇ 2 ಪೌಂಡ್, ಎಂದರೆ ಸುಮಾರು 900 ಗ್ರಾಂ ತೂಕವನ್ನು ಹೊತ್ತಿತ್ತು. ಗೋಡೆ ತಾಗಿದ ಕೆಲವೇ ದಿನಗಳಲ್ಲಿ ಕವಲಿನ ತುದಿ ಉಬ್ಬಿ, ಅಂಟು ಸ್ರವಿಸುವ ಪುಟ್ಟ ಬಿಲ್ಲೆಯಾಗಿ ಮಾರ್ಪಟ್ಟು ಭದ್ರವಾಗಿ ಕಚ್ಚಿಕೊಳ್ಳುತ್ತದೆ. ಆಸರೆ ಸಿಗದ ತಂತುವಾದರೋ ಒಂದೆರಡು ವಾರಗಳಲ್ಲಿ ಒಣಗಿ ಉದುರುತ್ತದೆ. ಬರಿಗೋಡೆಗೆ ಬಳ್ಳಿ ಆರಿಸುವವರು ಗಮನಿಸಬೇಕಾದದ್ದು ಹೀಗೆ ತಾನಾಗಿ ಗೋಡೆಗೆ ಅಂಟಿಕೊಳ್ಳುವ ಗುಣವನ್ನೇ. ಶಂಖಪುಷ್ಪದಂತೆ ತಮ್ಮ ಕಾಂಡವನ್ನೇ ಆಸರೆಗೆ ಸುತ್ತಿ ಏರುವ ಬಳ್ಳಿಗಳಿಗೆ ತಂತಿಬೇಲಿ ಅಥವಾ ತೆಳುವಾದ ಕೋಲು ಬೇಕು. ಚಪ್ಪಟೆಯಾದ ಗೋಡೆಯ ಮೇಲೆ ಅವು ತಾವಾಗಿ ಏರಲಾರವು.